ಪ್ಯಾಕೆಟ್ ಮೇಲೆ ನಂಬರ್ ಇದೆ, ಹಾಗಾದರೆ ಬೇಳೆ ಪರೀಕ್ಷೆ ಆಗಿದೆಯಾ?

ಪ್ರಶ್ನೆ: ನಾನು ಜೇವರ್ಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಟೀಚರ್. ಮನೆಗೆ ತೊಗರಿ ಬೇಳೆ ಕಲಬುರಗಿಯಿಂದ ತರುತ್ತೇವೆ. ಮೊನ್ನೆ ತೊಳೆಯುವಾಗ ನೀರು ಹಳದಿಯಾಯಿತು. ಪ್ಯಾಕೆಟ್ ಮೇಲೆ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಗುರುತೂ ಇದೆ, ನಂಬರೂ ಇದೆ. ಅಂದರೆ ಸರ್ಕಾರ ಪರೀಕ್ಷೆ ಮಾಡಿಯೇ ಬಿಟ್ಟಿದೆ ಅಂತ ತಿಳಿಯಬೇಕಾ? ಇನ್ನೊಂದು ಮಾತು. ಆಹಾರದಲ್ಲಿ ಇಂಥ ವಿಷ ಇಷ್ಟು ಇರಬಹುದು ಅಂತ ಸರ್ಕಾರವೇ ಬರೆದಿಟ್ಟಿದೆಯಂತೆ. ಸ್ವಲ್ಪ ವಿಷ ಇದ್ದರೆ ಪರವಾಗಿಲ್ಲ ಅನ್ನೋದು ಯಾವ ಲೆಕ್ಕ? ಅದನ್ನ ಯಾರು ತೀರ್ಮಾನ ಮಾಡ್ತಾರೆ? ಶಾಲೆಯಲ್ಲಿ ಮಕ್ಕಳಿಗೂ ದಿನಾ ಇದೇ ಬೇಳೆಯ ಸಾಂಬಾರು, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ಟೀಚರ್, ನೇರವಾಗಿ ಹೇಳಿಬಿಡುತ್ತೇನೆ. ನಂಬರ್ ಇದೆ ಅಂದ ಮಾತ್ರಕ್ಕೆ ಆ ಬೇಳೆಯನ್ನು ಸರ್ಕಾರದವರು ಪರೀಕ್ಷೆ ಮಾಡಿದ್ದಾರೆ ಅಂತ ಅಲ್ಲ. ಅದು ವ್ಯಾಪಾರ ಮಾಡಲು ಕೊಟ್ಟ ಪರವಾನಗಿಯ ನಂಬರ್, ಅಷ್ಟೇ. ಒಟ್ಟು 14 ಅಂಕಿ ಇರುತ್ತದೆ. ಮೊದಲನೆಯದು 1 ಆಗಿದ್ದರೆ ಲೈಸೆನ್ಸ್, 2 ಆಗಿದ್ದರೆ ಸಣ್ಣ ವ್ಯಾಪಾರಿಗಳ ನೋಂದಣಿ. ಮುಂದಿನ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 12. ಹಾಗಾಗಿ ರಾಜ್ಯದ ಲೈಸೆನ್ಸ್ ಇರುವ ನಮ್ಮ ಕಲಬುರಗಿಯ ದಾಲ್ ಮಿಲ್ಲಿನ ಪ್ಯಾಕೆಟ್ ಆದರೆ ನಂಬರ್ 112ರಿಂದ ಶುರುವಾಗುತ್ತದೆ. ಇದನ್ನು ಫೊಸ್ಕಾಸ್ ಅನ್ನೋ ಸರ್ಕಾರಿ ಜಾಲತಾಣದಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯಾ ಅಂತ ಗೊತ್ತಾಗುತ್ತದೆ. ಏನಾದರೂ ಆದರೆ ಯಾರನ್ನು ಹಿಡಿದು ಕೇಳಬೇಕು ಅನ್ನೋದಕ್ಕೆ ಆ ನಂಬರ್ ಬೇಕು. ಅದರ ಬೆಲೆ ನಾನು ಕಡಿಮೆ ಮಾಡುತ್ತಿಲ್ಲ. ನಂಬರೇ ಇಲ್ಲದ ಪ್ಯಾಕೆಟ್ ಯಾರೂ ಕೊಳ್ಳಬೇಡಿ.

ಆದರೆ ಬೇಳೆಯನ್ನು ಪರೀಕ್ಷೆ ಮಾಡಿಸುವ ಹೊಣೆ ಕಾನೂನಿನ ಪ್ರಕಾರ ಮೊದಲು ತಯಾರಕರ ಮೇಲೆ ಇದೆ. ಲೈಸೆನ್ಸ್ ಪಡೆದ ತಯಾರಕರು ಕನಿಷ್ಠ ಆರು ತಿಂಗಳಿಗೊಮ್ಮೆ ತಮ್ಮ ಮಾಲನ್ನು ಲ್ಯಾಬಿನಲ್ಲಿ ನೋಡಿಸಬೇಕು ಅನ್ನೋದು ಲೈಸೆನ್ಸಿನ ಷರತ್ತು. ಸರ್ಕಾರದ ಕೆಲಸ ಮಧ್ಯೆ ಮಧ್ಯೆ ಬಂದು ಮಾದರಿ ಎತ್ತಿ, ಹೇಳಿದಂತೆ ನಡೆಯುತ್ತಿದೆಯಾ ಅಂತ ನೋಡುವುದು. ಇಷ್ಟು ಮಾತ್ರ.

ಈಗ ನಿಮ್ಮ ಹಳದಿ ನೀರಿಗೆ ಬರೋಣ. ಎಲ್ಲ ಹಳದಿ ನೀರೂ ಬಣ್ಣದ ನೀರಲ್ಲ. ಒಳ್ಳೆಯ ಬೇಳೆ ತೊಳೆದರೂ ಮೊದಲ ನೀರು ಮಬ್ಬಾಗಿ, ಹಾಲು ಬೆರೆಸಿದ ಹಾಗೆ, ತೆಳು ಹಳದಿಯಾಗಿ ಬರುತ್ತದೆ. ಅದು ಬೇಳೆ ಮೈಗೆ ಅಂಟಿದ ಹಿಟ್ಟು. ಎರಡನೇ ಸಲಕ್ಕೆ ಕಡಿಮೆಯಾಗುತ್ತದೆ, ಮೂರನೇ ಸಲಕ್ಕೆ ಬಹುತೇಕ ತಿಳಿಯಾಗುತ್ತದೆ. ಬಣ್ಣ ಹಾಕಿದ ಬೇಳೆಯ ನೀರು ಬೇರೆ ಥರ. ಮಬ್ಬು ಕಡಿಮೆ, ಹಳದಿ ಜಾಸ್ತಿ. ಬಿಳಿ ಬಟ್ಟೆಯ ತುಂಡು ಅದ್ದಿದರೆ ಬಟ್ಟೆಗೆ ಹಿಡಿಯುತ್ತದೆ. ಅರ್ಧ ಗಂಟೆ ನೆನೆಸಿಟ್ಟರೆ ಬೇಳೆಯ ಮುಖ ಕಳೆಗುಂದುತ್ತದೆ. ಒಣಗಿದ್ದಾಗ ಎಲ್ಲಾ ಕಾಳೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಹಳದಿಯಾಗಿ ಕಾಣುತ್ತಿದ್ದರೂ ಅನುಮಾನ ಪಡಬೇಕು, ಯಾಕಂದರೆ ಹೊಲದಿಂದ ಬಂದ ತೊಗರಿ ಹಾಗೆ ಇರೋದಿಲ್ಲ. ಎಣ್ಣೆ ಜಿಡ್ಡು ಸ್ವಲ್ಪ ಇದ್ದರೆ ಗಾಬರಿ ಬೇಡ. ಸಿಪ್ಪೆ ಬಿಡಿಸಲು ಕಾಳಿಗೆ ಎಣ್ಣೆ ಹಚ್ಚಿ ಒಣಗಿಸುವುದು ದಾಲ್ ಮಿಲ್ಲುಗಳ ಹಳೆಯ ಪದ್ಧತಿ.

ಬೇಳೆಗೆ ಹಾಕುವ ಕಳ್ಳ ಬಣ್ಣದ ಹೆಸರು ಮೆಟಾನಿಲ್ ಯೆಲ್ಲೋ. ಬಟ್ಟೆ, ಚರ್ಮ, ಕಾಗದಕ್ಕೆ ಹಾಕುವ ಬಣ್ಣ ಅದು. ಲ್ಯಾಬಿನಲ್ಲಿ ಬೇಳೆ ನೆನೆಸಿದ ನೀರಿಗೆ ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿ ಬಿಟ್ಟರೆ ಕಣ್ಣೆದುರೇ ಗುಲಾಬಿಗೆ ತಿರುಗುತ್ತದೆ. ನಾನು ಬಹಳ ವರ್ಷ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವನು, ಆ ಗುಲಾಬಿ ಬಣ್ಣ ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಆದರೆ ಮೊಬೈಲಿನಲ್ಲಿ ವಿಡಿಯೋ ನೋಡಿ ಬಚ್ಚಲು ತೊಳೆಯುವ ಆಸಿಡ್ಡಿನಿಂದ ಮನೆಯಲ್ಲಿ ಇದನ್ನು ಮಾಡಬೇಡಿ. ಒಂದು, ಕೈ ಕಣ್ಣು ಸುಡುತ್ತದೆ. ಇನ್ನೊಂದು, ಅರಿಶಿಣವೂ ಆಮ್ಲಕ್ಕೆ ಕೆಂಪಗೆ ತಿರುಗುತ್ತದೆ, ನೀರು ಬೆರೆಸಿದ ಮೇಲೆ ಅದರ ಕೆಂಪು ಹೋಗುತ್ತದೆ, ಮೆಟಾನಿಲ್ಲಿನದು ಉಳಿಯುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಸುಮ್ನೆ ಯಾರದೋ ಅಂಗಡಿಯ ಮೇಲೆ ಕೂಗಾಡಿದರೆ ಒಬ್ಬ ಪ್ರಾಮಾಣಿಕ ವ್ಯಾಪಾರಿಯ ಹೊಟ್ಟೆ ಮೇಲೆ ಹೊಡೆದ ಹಾಗಾಗುತ್ತದೆ.

ತೊಗರಿಗೆ ಇನ್ನೊಂದು ಬೆರಕೆ ಇದೆ, ಕೇಸರಿ ಬೇಳೆ. ಇದು ಕಣ್ಣಿಗೇ ಸಿಗುತ್ತದೆ. ಒಂದು ಹಿಡಿ ಬೇಳೆ ತಟ್ಟೆಗೆ ಸುರಿದು ಬೆರಳಿನಿಂದ ಹರಡಿ. ತೊಗರಿ ಬೇಳೆ ದುಂಡಗೆ, ಹೊಟ್ಟೆ ಉಬ್ಬಿಕೊಂಡಿರುತ್ತದೆ. ಕೇಸರಿ ಬೇಳೆ ಮೂಲೆ ಮೂಲೆಯಾಗಿ, ಒಂದು ಬದಿ ಓರೆಯಾಗಿ ಕೊಯ್ದ ಹಾಗೆ ಇರುತ್ತದೆ. ಬರಗಾಲದಲ್ಲೂ ಬೆಳೆಯುವ ಕಾಳು, ಬಡವರ ಕಾಳು. ಅದನ್ನೇ ತಿಂಗಳುಗಟ್ಟಲೆ ಮುಖ್ಯ ಆಹಾರವಾಗಿ ತಿಂದವರ ಕಾಲಿನ ಶಕ್ತಿ ಹೋಗಿ, ಕೋಲು ಹಿಡಿದು ನಡೆಯುವಂತಾಗಿದ್ದಕ್ಕೆ 1961ರಲ್ಲಿ ಅದರ ಮಾರಾಟಕ್ಕೆ ನಿಷೇಧ ಬಂತು. ವಿಷ ಕಡಿಮೆ ಇರುವ ತಳಿಗಳು ಬಂದಿವೆ, ನಿಷೇಧ ತೆಗೆಯಬೇಕು ಅನ್ನೋ ವಾದವೂ ನಡೆದಿದೆ. ಅದೇನೇ ಇರಲಿ, ತೊಗರಿ ಅಂತ ಹೇಳಿ ಕೇಸರಿ ಕೊಡೋದು ಮೋಸವೇ.

ಈಗ ನಿಮ್ಮ ದೊಡ್ಡ ಪ್ರಶ್ನೆ. ವಿಷ ಸ್ವಲ್ಪ ಇರಬಹುದು ಅಂದರೆ ಏನು?

ಇಲ್ಲಿ ಎರಡು ಬೇರೆ ವಿಷಯಗಳಿವೆ. ಜನ ಎರಡನ್ನೂ ಒಂದೇ ಗಂಟು ಕಟ್ಟುತ್ತಾರೆ, ಅಲ್ಲಿಂದಲೇ ಎಲ್ಲ ಗೊಂದಲ. ಮನುಷ್ಯ ಬೇಕಂತಲೇ ಹಾಕಿದ್ದು ಒಂದು. ಹೊಲದಲ್ಲಿ, ಗೋದಾಮಿನಲ್ಲಿ ತಾನಾಗಿ ಸೇರಿಕೊಂಡದ್ದು ಇನ್ನೊಂದು. ಮೆಟಾನಿಲ್ ಯೆಲ್ಲೋ ಇಷ್ಟು ಪ್ರಮಾಣದಲ್ಲಿ ಇರಬಹುದು ಅನ್ನೋ ಮಾತೇ ಇಲ್ಲ, ಒಂದು ಕಣವೂ ಇರಕೂಡದು, ಯಾಕಂದರೆ ಹಾಕದೇ ಇದ್ದರೆ ಅದು ಬರೋದೇ ಇಲ್ಲ. ಅಫ್ಲಾಟಾಕ್ಸಿನ್ ಹಾಗಲ್ಲ. ಶೇಂಗಾ, ಮೆಕ್ಕೆಜೋಳ, ಬೇಳೆಕಾಳು ತೇವದಲ್ಲಿ ಉಳಿದರೆ ಒಂದು ಜಾತಿಯ ಬೂಷ್ಟು ಹಿಡಿದು ಆ ವಿಷ ಹುಟ್ಟುತ್ತದೆ. ಕಾಯಿಸಿದರೂ ಪೂರ್ತಿ ಹೋಗೋದಿಲ್ಲ. ವರ್ಷಗಟ್ಟಲೆ ತಿಂದರೆ ಲಿವರ್ ಕ್ಯಾನ್ಸರ್‌ಗೆ ದಾರಿ. ಇದಕ್ಕೆ ಸೊನ್ನೆ ಅಂತ ಬರೆದುಬಿಟ್ಟರೆ ಕೇಳೋಕೆ ಚೆನ್ನಾಗಿರುತ್ತದೆ, ಆದರೆ ರಾಶಿ ಮಾಡುವಾಗ ಒಂದು ಅಕಾಲ ಮಳೆ ಬಂದರೆ ಇಡೀ ಜಿಲ್ಲೆಯ ಬೆಳೆ ಕಾನೂನುಬಾಹಿರ ಆಗಿಬಿಡುತ್ತದೆ. ಅದಕ್ಕೆ ನಿಯಮ ಬರೆಯುವವರು ಕೇಳುವ ಪ್ರಶ್ನೆ ಬೇರೆ: ಚೆನ್ನಾಗಿ ಒಣಗಿಸಿ, ಚೆನ್ನಾಗಿ ಆರಿಸಿ, ಚೆನ್ನಾಗಿ ಇಟ್ಟರೆ ಎಷ್ಟರ ಮಟ್ಟಿಗೆ ಇಳಿಸಬಹುದು? ಆ ಮಟ್ಟವೇ ಮಿತಿ. ಬೇಳೆಕಾಳಿಗೆ ಅದು ಕಿಲೋಗೆ 15 ಮೈಕ್ರೋಗ್ರಾಂ. ಎಷ್ಟು ಅಂತ ಅಂದಾಜು ಬೇಕೆಂದರೆ, ತಲಾ ಹತ್ತು ಟನ್ನಿನ ನೂರು ಲಾರಿ ಬೇಳೆಯಲ್ಲಿ ಒಟ್ಟು 15 ಗ್ರಾಂ. ಅದಕ್ಕಿಂತ ಜಾಸ್ತಿ ಇದ್ದರೆ ಆ ಮಾಲು ತಿನ್ನಲು ಯೋಗ್ಯವಲ್ಲ.

ಇದು ನಮ್ಮ ಕಡೆಗೆ ದೂರದ ಮಾತಲ್ಲ. 1995ರಲ್ಲಿ ದಖ್ಖನ್ ಸೀಮೆಯ ಹಲವು ಹಳ್ಳಿಗಳಲ್ಲಿ, ಆಂಧ್ರದಲ್ಲೂ ಕರ್ನಾಟಕದಲ್ಲೂ, ಜನರಿಗೆ ಇದ್ದಕ್ಕಿದ್ದಂತೆ ಹೊಟ್ಟೆನೋವು, ಭೇದಿ ಶುರುವಾಯಿತು. ವಿಜ್ಞಾನಿಗಳು ಹೋಗಿ ನೋಡಿದರೆ, ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳದ ಹಿಟ್ಟಿನ ರೊಟ್ಟಿ ತಿಂದಿದ್ದರು. ಆ ಕಾಳಿನಲ್ಲಿ ಫ್ಯುಮೋನಿಸಿನ್ ಅನ್ನೋ ವಿಷ ಸಿಕ್ಕಿತು. ಯಾರೂ ಏನೂ ಬೆರೆಸಿರಲಿಲ್ಲ. ಒಳ್ಳೆಯ ಜೋಳ ಮಾರಿ, ಕಪ್ಪಾದದ್ದನ್ನು ಮನೆಗೆ ಇಟ್ಟುಕೊಳ್ಳುವ ಬಡತನ ಹಳ್ಳಿಗಳಲ್ಲಿ ಇನ್ನೂ ಇದೆ, ಆ ಕಾಳನ್ನು ಯಾವ ಇನ್ಸ್‌ಪೆಕ್ಟರೂ ನೋಡುವುದಿಲ್ಲ. ನಿಮ್ಮ ಮಕ್ಕಳ ಅಪ್ಪ ಅಮ್ಮಂದಿರಿಗೆ ಈ ಒಂದು ಮಾತು ಹೇಳಿ: ಬೂಷ್ಟು ಹಿಡಿದ ಕಾಳನ್ನು ತೊಳೆದು ಒಣಗಿಸಿದರೆ ಮೇಲಿನ ಬೂಷ್ಟು ಹೋಗಬಹುದು, ಒಳಗಿನ ವಿಷ ಪೂರ್ತಿ ಹೋಗುವುದಿಲ್ಲ.

ಬೇಕಂತಲೇ ಹಾಕಿದ್ದು, ತಾನಾಗಿ ಸೇರಿದ್ದು, ಇವೆರಡರ ನಡುವೆ ಮೂರನೆಯದೊಂದು ಇದೆ. ಕಾರಣಕ್ಕೆ ಬಳಸಿದ್ದು, ಆದರೆ ಉಳಿದುಹೋದದ್ದು. ನಮ್ಮ ತೊಗರಿಗೆ ಹೂವು, ಕಾಯಿ ಕಟ್ಟುವಾಗ ಕಾಯಿಕೊರಕ ಬೀಳುತ್ತದೆ, ರೈತರು ಕೀಟನಾಶಕ ಹೊಡೆಯುತ್ತಾರೆ. ಹೊಡೆದ ಔಷಧಿಯ ಒಂದಂಶ ಕಾಳಿನಲ್ಲಿ ಉಳಿಯಬಹುದು. ಇದರ ಮಿತಿ ಹಾಕುವುದು ಹೀಗೆ. ಮೊದಲು ಇಲಿ, ನಾಯಿಯಂಥ ಪ್ರಾಣಿಗಳಿಗೆ ಆ ಔಷಧಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ದೀರ್ಘಕಾಲ ಕೊಟ್ಟು, ಯಾವ ಪ್ರಮಾಣದವರೆಗೆ ಏನೂ ಕೆಡುಕು ಕಾಣಲಿಲ್ಲ ಅಂತ ಗುರುತಿಸುತ್ತಾರೆ. ಅದನ್ನು ಸಾಮಾನ್ಯವಾಗಿ ನೂರರಿಂದ ಭಾಗಿಸುತ್ತಾರೆ. ಪ್ರಾಣಿಗೂ ಮನುಷ್ಯನಿಗೂ ವ್ಯತ್ಯಾಸ ಇದೆಯಲ್ಲ, ಅದಕ್ಕೆ ಹತ್ತು. ಮನುಷ್ಯ ಮನುಷ್ಯರಲ್ಲೂ ಕೂಸು, ಬಸುರಿ, ಮುದುಕರು ಅಂತ ವ್ಯತ್ಯಾಸ ಇದೆಯಲ್ಲ, ಅದಕ್ಕೆ ಇನ್ನೊಂದು ಹತ್ತು. ಹೀಗೆ ಸಿಕ್ಕಿದ್ದು ಒಬ್ಬ ಮನುಷ್ಯ ಜೀವಮಾನವಿಡೀ ದಿನಾ ತಿಂದರೂ ತೊಂದರೆಯಿಲ್ಲ ಅನ್ನೋ ಪ್ರಮಾಣ. ಆಮೇಲೆ ಇನ್ನೊಂದು ಲೆಕ್ಕ ಬೇರೆಯೇ ನಡೆಯುತ್ತದೆ. ಡಬ್ಬದ ಮೇಲೆ ಬರೆದ ಹಾಗೆಯೇ ಹೊಡೆದು, ಕೊಯ್ಲಿಗೆ ಮುಂಚೆ ಬಿಡಬೇಕಾದಷ್ಟು ದಿನ ಬಿಟ್ಟರೆ ಕಾಳಿನಲ್ಲಿ ಎಷ್ಟು ಉಳಿಯುತ್ತದೆ ಅಂತ ಹೊಲದಲ್ಲೇ ಪ್ರಯೋಗ ಮಾಡಿ ಅಳೆಯುತ್ತಾರೆ. ಮಿತಿ ಹಾಕುವುದು ಈ ಎರಡನೆಯ ಲೆಕ್ಕದ ಮೇಲೆ. ಜನ ದಿನಕ್ಕೆ ಎಷ್ಟು ತಿನ್ನುತ್ತಾರೋ ನೋಡಿ, ಅದು ಮೊದಲನೆಯ ಲೆಕ್ಕದ ಒಳಗೇ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ. ಹಾಗಾಗಿ ಮಿತಿ ಸ್ವಲ್ಪ ಮೀರಿದ ಬೇಳೆ ಒಂದು ದಿನ ತಿಂದರೆ ಯಾರೂ ಬಿದ್ದುಹೋಗುವುದಿಲ್ಲ. ಯಾರೋ ಔಷಧಿಯನ್ನು ಅಳತೆ ಇಲ್ಲದೆ ಹೊಡೆದಿದ್ದಾರೆ, ಇಲ್ಲವೇ ಹೊಡೆದ ಕೂಡಲೇ ಕೊಯ್ದಿದ್ದಾರೆ ಅನ್ನೋದು ಅದರಿಂದ ಗೊತ್ತಾಗುತ್ತದೆ. ಪಟ್ಟಿಯಲ್ಲಿ ಮಿತಿಯೇ ಬರೆಯದ ಔಷಧಿ ಸಿಕ್ಕರೆ ಸಾಮಾನ್ಯವಾಗಿ ಕಿಲೋಗೆ 0.01 ಮಿಲಿಗ್ರಾಂ ಅನ್ನೋ ಬಹಳ ಬಿಗಿಯಾದ ಮಿತಿ ಅನ್ವಯ ಆಗುತ್ತದೆ.

ಬಣ್ಣಗಳಲ್ಲೂ ಒಂದು ಸೂಕ್ಷ್ಮ ಇದೆ, ಮಕ್ಕಳ ವಿಷಯ ಆದ್ದರಿಂದ ಹೇಳಲೇಬೇಕು. ನಮ್ಮ ದೇಶದಲ್ಲಿ ಎಂಟು ಕೃತಕ ಬಣ್ಣಗಳಿಗೆ ಅನುಮತಿ ಇದೆ. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಇವೆಲ್ಲ ಅದರಲ್ಲಿ ಬರುತ್ತವೆ. ಟಾರ್ಟ್ರಜಿನ್‌ಗೆ ಅಂತರರಾಷ್ಟ್ರೀಯ ತಜ್ಞರ ಸಮಿತಿ ಹಾಕಿದ ದಿನದ ಮಿತಿ ದೇಹದ ಒಂದು ಕಿಲೋ ತೂಕಕ್ಕೆ 10 ಮಿಲಿಗ್ರಾಂವರೆಗೆ. 15 ಕಿಲೋ ತೂಗುವ ಮಗುವಿಗೆ 150 ಮಿಲಿಗ್ರಾಂ ಆಯಿತು. ಆಹಾರದಲ್ಲಿ ಬಣ್ಣ ಕಿಲೋಗೆ 100 ಮಿಲಿಗ್ರಾಂ ಮೀರದಿದ್ದರೆ ಆ ಮಗು ದಿನಕ್ಕೆ ಒಂದೂವರೆ ಕಿಲೋ ಅದನ್ನೇ ತಿಂದರೆ ಮಾತ್ರ ಮಿತಿ ಮುಟ್ಟುತ್ತದೆ. ಹಾಗಾದರೆ ಏನು ತೊಂದರೆ ಅಂತೀರಾ? ಲೆಕ್ಕ ಸರಿ ಇರೋದು ಅಳೆದು ಹಾಕಿದಾಗ. ಅದಕ್ಕೇ ಯಾವ ಯಾವ ತಿನಿಸಿಗೆ ಹಾಕಬಹುದು ಅಂತಲೂ ಪಟ್ಟಿ ಇದೆ, ಆ ಪಟ್ಟಿಯಲ್ಲಿ ಬೇಳೆ ಇಲ್ಲ, ಗೋಬಿ ಮಂಚೂರಿಯೂ ಇಲ್ಲ. ಗಾಡಿ ಮೇಲೆ ಚಮಚದಲ್ಲಿ ಬಣ್ಣ ಸುರಿಯುವವರ ಹತ್ತಿರ ತಕ್ಕಡಿ ಇರುತ್ತದಾ? 2024ರ ಮಾರ್ಚಿನಲ್ಲಿ ನಮ್ಮ ರಾಜ್ಯದಲ್ಲಿ 171 ಗೋಬಿ ಮಂಚೂರಿ ಮಾದರಿ ನೋಡಿದಾಗ 107ರಲ್ಲಿ ಕೃತಕ ಬಣ್ಣ ಸಿಕ್ಕಿತು. ಜಾತ್ರೆಯಲ್ಲಿ ಮಕ್ಕಳು ಕೈಯಲ್ಲಿ ಹಿಡಿದು ತಿರುಗುವ ಬೊಂಬಾಯಿ ಮಿಠಾಯಿಯಲ್ಲಿ ರೋಡಮಿನ್ ಬಿ ಅನ್ನೋ ಬಣ್ಣ ಸಿಕ್ಕಿತು, ಅದಂತೂ ಯಾವ ಆಹಾರಕ್ಕೂ ಅನುಮತಿ ಇಲ್ಲದ್ದು. ಆಗ ಸರ್ಕಾರ ಇವೆರಡರಲ್ಲೂ ಬಣ್ಣ ನಿಷೇಧಿಸಿತು, ಜೂನ್‌ನಲ್ಲಿ ಕಬಾಬ್‌ಗೂ ಅದೇ ಆದೇಶ ಬಂತು. ಶರಣಬಸವೇಶ್ವರ ಜಾತ್ರೆಗೆ ಮಕ್ಕಳನ್ನು ಕರೆದುಕೊಂಡು ಹೋದರೆ ಮಿಠಾಯಿ ಬಿಳಿಯದ್ದೇ ಕೊಡಿಸಿ.

ಇದನ್ನೆಲ್ಲ ಯಾರು ಕೂತು ತೀರ್ಮಾನ ಮಾಡ್ತಾರೆ ಅಂದಿರಿ. 1954ರಿಂದ ಕಲಬೆರಕೆ ತಡೆ ಕಾಯ್ದೆ ಅಂತ ಇತ್ತು. ಅದರ ಗಮನವೆಲ್ಲ ಕಲಬೆರಕೆ ಹಿಡಿಯುವುದರ ಮೇಲೆ. ಅದರ ಜೊತೆಗೆ ಹಣ್ಣಿಗೊಂದು, ಮಾಂಸಕ್ಕೊಂದು, ಹಾಲಿಗೊಂದು ಅಂತ ಬೇರೆ ಬೇರೆ ಆದೇಶಗಳಿದ್ದವು. ಎಲ್ಲ ಸೇರಿಸಿ 2006ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಆಯಿತು. 2008ರಲ್ಲಿ ಪ್ರಾಧಿಕಾರ, ಅಂದರೆ ನಿಮ್ಮ ಪ್ಯಾಕೆಟ್ ಮೇಲಿನ ಎಫ್‌ಎಸ್‌ಎಸ್‌ಎಐ, ಸ್ಥಾಪನೆಯಾಯಿತು. 2011ರ ಆಗಸ್ಟ್ 5ರಿಂದ ನಿಯಮಗಳು ಜಾರಿಗೆ ಬಂದವು. ಅದರ ಕೆಳಗೆ ವಿಜ್ಞಾನಿಗಳ ಸಮಿತಿಗಳಿವೆ. ಕೀಟನಾಶಕಕ್ಕೆ ಒಂದು, ಬೆರೆಸುವ ಪದಾರ್ಥಗಳಿಗೆ ಒಂದು, ಕಾಳುಕಡಿಗೆ ಒಂದು, ಹೀಗೆ. ಅವರು ನಮ್ಮ ದೇಶದ ಮಾಹಿತಿ ನೋಡುತ್ತಾರೆ, ವಿಶ್ವಸಂಸ್ಥೆಯ ಎರಡು ಸಂಸ್ಥೆಗಳು ಸೇರಿ 1963ರಲ್ಲಿ ಕಟ್ಟಿದ ಕೋಡೆಕ್ಸ್ ಆಯೋಗ ಏನು ಹೇಳುತ್ತದೆ ಅಂತಲೂ ನೋಡುತ್ತಾರೆ, ಕರಡು ಬರೆಯುತ್ತಾರೆ. ಮೇಲಿನ ವೈಜ್ಞಾನಿಕ ಸಮಿತಿ, ಆಮೇಲೆ ಪ್ರಾಧಿಕಾರ ಒಪ್ಪಿದ ಮೇಲೆ ಕರಡನ್ನು ರಾಜ್ಯಪತ್ರದಲ್ಲಿ ಹಾಕಿ ಜನರ ಅಭಿಪ್ರಾಯ ಕೇಳುತ್ತಾರೆ, ಸಾಮಾನ್ಯವಾಗಿ 60 ದಿನ. ಬಂದ ಆಕ್ಷೇಪಗಳನ್ನು ನೋಡಿ, ಆರೋಗ್ಯ ಸಚಿವಾಲಯದ ಒಪ್ಪಿಗೆ ಪಡೆದು ಕೊನೆಗೆ ನಿಯಮ ಮಾಡುತ್ತಾರೆ.

ಈ 60 ದಿನದ ಬಗ್ಗೆ ನನಗೆ ಒಂದು ಸಂಕಟ ಇದೆ. ಕಂಪನಿಗಳು ಆ ಕರಡನ್ನು ಸಾಲು ಸಾಲಾಗಿ ಓದುತ್ತವೆ, ವಕೀಲರನ್ನು ಕೂರಿಸಿ ಉತ್ತರ ಬರೆಸುತ್ತವೆ. ತಪ್ಪಲ್ಲ, ಅದು ಅವರ ಹಕ್ಕು. ಆದರೆ ತೊಗರಿ ಬೆಳೆಯುವ ಆಳಂದದ ರೈತ, ದಿನಾ ಬೇಳೆ ಬೇಯಿಸುವ ಬಿಸಿಯೂಟದ ಅಡುಗೆಯಮ್ಮ ಬರೆದ ಪತ್ರ ಅಲ್ಲಿಗೆ ಹೋಗೋದು ಬಹಳ ಕಡಿಮೆ. ವಿಜ್ಞಾನಿಗಳ ಸಮಿತಿಗಳೊಳಗೇ ಕಂಪನಿಗಳ ಪ್ರತಿನಿಧಿಗಳು ಸೇರಿಕೊಂಡಿದ್ದಾರೆ ಅನ್ನೋ ವಿಷಯ ಸುಪ್ರೀಂ ಕೋರ್ಟ್ ಮುಂದೆ ಬಂದು, 2011ರಲ್ಲಿ ಸಮಿತಿಗಳನ್ನು ಹೊಸದಾಗಿ ರಚಿಸಬೇಕಾಯಿತು. ಜನ ಗಮನ ಇಟ್ಟದ್ದಕ್ಕೇ ಅದು ಸರಿಹೋಯಿತು. ನೀವು ವಿಜ್ಞಾನದ ಟೀಚರ್ ಅಂತ ನೀವು ಬರೆದಿಲ್ಲ, ಆದರೆ ಯಾವ ವಿಷಯದ ಟೀಚರ್ ಆದರೂ ಒಂದು ಕರಡಿಗೆ ಅಭಿಪ್ರಾಯ ಕಳಿಸಬಹುದು. ಅದಕ್ಕೆ ಪದವಿ ಬೇಡ.

ಹೀಗೆ ಬರೆದ ನಿಯಮ ಎಷ್ಟು ಒಳಗೆ ಹೋಗಿ ನೋಡುತ್ತದೆ ಅನ್ನೋದಕ್ಕೆ ನಮ್ಮ ತೊಗರಿ ಬೇಳೆಯನ್ನೇ ತೆಗೆದುಕೊಳ್ಳಿ. ತೇವ ಇಷ್ಟು ಮೀರಬಾರದು, ಕಲ್ಲು ಮಣ್ಣು ಕಸ ಎಲ್ಲ ಸೇರಿ ನೂರಕ್ಕೆ ಒಂದು ಭಾಗ ಮೀರಬಾರದು ಅಂತೆಲ್ಲ ಇದೆ. ಅದರ ಜೊತೆ ಒಂದು ಸಾಲು: ಯೂರಿಕ್ ಆಮ್ಲ ಕಿಲೋಗೆ 100 ಮಿಲಿಗ್ರಾಂ ಮೀರಬಾರದು. ಬೇಳೆಯಲ್ಲಿ ಯೂರಿಕ್ ಆಮ್ಲ ಎಲ್ಲಿಂದ ಬಂತು ಅಂತ ಆಶ್ಚರ್ಯ ಆಗಬಹುದು. ಅದು ಹುಳದ ಹಿಕ್ಕೆ. ಹಳೇ ದಾಸ್ತಾನಿಗೆ ಹುಳ ಹತ್ತಿದಾಗ ವ್ಯಾಪಾರಿ ಜರಡಿ ಹಿಡಿದು ಹುಳ ತೆಗೆಯಬಹುದು, ತೂತು ಬಿದ್ದ ಕಾಳು ಆರಿಸಬಹುದು, ಪಾಲಿಶ್ ಕೊಟ್ಟು ಹೊಸದರ ಹಾಗೆ ಮಾಡಬಹುದು. ಕಣ್ಣಿಗೆ ಏನೂ ಕಾಣೋದಿಲ್ಲ. ಆದರೆ ಹುಳ ಬಿಟ್ಟುಹೋದದ್ದು ಪುಡಿಯಲ್ಲಿ, ಕಾಳಿನ ಮೈಮೇಲೆ ಉಳಿದಿರುತ್ತದೆ, ಅದನ್ನು ಲ್ಯಾಬ್ ಹಿಡಿಯುತ್ತದೆ. ನನಗೆ ಆ ಸಾಲು ಬರೆದವರ ಮೇಲೆ ಬಹಳ ಗೌರವ. ಕಾಯ್ದೆಯಲ್ಲೂ ಇನ್ನೊಂದು ಒಳ್ಳೆಯ ಮಾತು ಇದೆ. ಇರುವುದಕ್ಕಿಂತ ಚೆನ್ನಾಗಿ, ಬೆಲೆಬಾಳುವ ಹಾಗೆ ಕಾಣಲಿ ಅಂತ ಬಣ್ಣ ಹಾಕಿದ, ಲೇಪ ಕೊಟ್ಟ, ಪಾಲಿಶ್ ಮಾಡಿದ ಆಹಾರವನ್ನು ಅಸುರಕ್ಷಿತ ಆಹಾರದ ವ್ಯಾಖ್ಯೆಯೊಳಗೇ ಸೇರಿಸಿದ್ದಾರೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಅಂಥ ಬೇಳೆಗೆ ಬಣ್ಣ ಹಚ್ಚುವ ಅಗತ್ಯವಾದರೂ ಏನು?

ಹಾಗಾದರೆ ತೊಂದರೆ ಎಲ್ಲಿದೆ? ನನ್ನ ಪ್ರಕಾರ ಮಾನದಂಡದಲ್ಲಿ ಅಲ್ಲ. ಅದು ಸಾಕಷ್ಟು ಗಟ್ಟಿಯಾಗಿದೆ. ಮಾದರಿ ಎತ್ತಿದರೆ ಮಾತ್ರ ಅದಕ್ಕೆ ಜೀವ. ಒಬ್ಬ ಆಹಾರ ಸುರಕ್ಷತಾ ಅಧಿಕಾರಿ ಹೋಟೆಲು, ಕಿರಾಣಿ, ಬೇಕರಿ, ಹಾಲಿನ ಡೇರಿ, ನೀರಿನ ಪ್ಲಾಂಟು, ಮಾರುಕಟ್ಟೆಯ ದಾಲ್ ಮಿಲ್ಲು, ಹಾಸ್ಟೆಲ್ಲು ಎಲ್ಲ ನೋಡಬೇಕು. ವಾರದ ಸಂತೆಯಲ್ಲಿ ಗೋಣಿಚೀಲ ಬಿಚ್ಚಿ ಬಿಡಿಯಾಗಿ ಮಾರುವ ಬೇಳೆಯ ಹತ್ತಿರ ಅವರು ಯಾವಾಗ ಬರಬೇಕು?

ಮಾದರಿ ಎತ್ತುವುದು ಸಣ್ಣ ಕೆಲಸ ಅಲ್ಲ. ಅಧಿಕಾರಿ ಅಂಗಡಿಯವರಿಗೆ ಬರಹದಲ್ಲಿ ನೋಟಿಸ್ ಕೊಡಬೇಕು, ಸಾಕ್ಷಿಯನ್ನು ಕರೆಯಬೇಕು, ಮಾಲಿಗೆ ದುಡ್ಡು ಕೊಟ್ಟೇ ಕೊಳ್ಳಬೇಕು. ಕೊಂಡದ್ದನ್ನು ನಾಲ್ಕು ಪಾಲು ಮಾಡಿ, ಒಣಗಿದ ಶುದ್ಧ ಬಾಟಲಿಗೋ ಡಬ್ಬಕ್ಕೋ ಹಾಕಿ, ದಪ್ಪ ಕಾಗದ ಸುತ್ತಿ, ಅಂಕಿತ ಅಧಿಕಾರಿಯ (ಜಿಲ್ಲೆಯಲ್ಲಿ ಆಹಾರ ಸುರಕ್ಷತೆಯ ಮೇಲಧಿಕಾರಿ) ಸಹಿ ಮತ್ತು ಕೋಡ್ ನಂಬರ್ ಇರುವ ಚೀಟಿಯನ್ನು ಮೇಲಿಂದ ಕೆಳಗೆ ಅಂಟಿಸಬೇಕು. ದಾರ ಬಿಗಿದು ಅರಗಿನ ಮುದ್ರೆ ಒತ್ತಬೇಕು, ಕನಿಷ್ಠ ನಾಲ್ಕು ಕಡೆ, ಮೇಲೊಂದು, ಕೆಳಗೊಂದು, ಮೈಮೇಲೆ ಎರಡು. ಅಂಗಡಿಯವರ ಸಹಿ ಅರ್ಧ ಚೀಟಿ ಮೇಲೆ, ಅರ್ಧ ಕಾಗದದ ಮೇಲೆ ಬರಬೇಕು, ಮಧ್ಯದಲ್ಲಿ ಯಾರಾದರೂ ಬಿಚ್ಚಿದರೆ ಸಹಿ ಕೂಡುವುದಿಲ್ಲ. ಇದರಲ್ಲಿ ಒಂದು ತಪ್ಪಿದರೂ ಕೋರ್ಟಿನಲ್ಲಿ ಕೇಸು ಬಿದ್ದುಹೋಗಬಹುದು. ಮುದ್ರೆ ಸರಿಯಿಲ್ಲದ ಒಂದೇ ಕಾರಣಕ್ಕೆ ಕಲಬೆರಕೆ ಮಾಡಿದವರು ಕೈಬೀಸಿಕೊಂಡು ಹೋಗಬಹುದು.

ನಾಲ್ಕರಲ್ಲಿ ಒಂದು ಪಾಲು ಆಹಾರ ವಿಶ್ಲೇಷಕರಿಗೆ ಹೋಗುತ್ತದೆ. ಎರಡು ಅಂಕಿತ ಅಧಿಕಾರಿಯ ಹತ್ತಿರ ಇರುತ್ತವೆ. ವ್ಯಾಪಾರಿ ಕೇಳಿದರೆ ನಾಲ್ಕನೆಯದನ್ನು ಮಾನ್ಯತೆ ಇರುವ ಬೇರೆ ಲ್ಯಾಬಿಗೆ ಕಳಿಸಬೇಕು. ನಮ್ಮ ಭಾಗಕ್ಕೆ ಕಲಬುರಗಿಯಲ್ಲೇ ವಿಭಾಗೀಯ ಆಹಾರ ಪ್ರಯೋಗಾಲಯ ಇದೆ. ವಿಶ್ಲೇಷಕರು 14 ದಿನದೊಳಗೆ ವರದಿ ಕೊಡಬೇಕು. ವ್ಯಾಪಾರಿಗೆ ಒಪ್ಪಿಗೆ ಇಲ್ಲದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಆಗ ಇನ್ನೊಂದು ಪಾಲು ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಂಥ ರೆಫರಲ್ ಲ್ಯಾಬಿಗೆ ಹೋಗುತ್ತದೆ, ಅವರ ಮಾತೇ ಅಂತಿಮ. ಗುಣಮಟ್ಟ ಕಡಿಮೆ ಅಂತ ಬಂದರೆ ಅಪರ ಜಿಲ್ಲಾಧಿಕಾರಿಗಳ ಮುಂದೆ ವಿಚಾರಣೆ, 5 ಲಕ್ಷದವರೆಗೆ ದಂಡ. ಲೇಬಲ್ ತಪ್ಪಿದ್ದರೆ 3 ಲಕ್ಷದವರೆಗೆ. ಅಸುರಕ್ಷಿತ ಅಂತ ಬಂದರೆ ಅದು ಕೋರ್ಟಿನ ಕೇಸು, ಜೈಲು ಶಿಕ್ಷೆಯೂ ಇದೆ, ಅದನ್ನು ತಿಂದು ಸಾವು ಸಂಭವಿಸಿದರೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ.

ಒಂದು ಒಳಗಿನ ಮಾತು. ಪೇಪರಿನಲ್ಲಿ ಇಷ್ಟು ಮಾದರಿ ಕೆಟ್ಟದ್ದು ಬಂತು ಅಂತ ಓದಿ, ಯಾಕೆ ಯಾರಿಗೂ ಶಿಕ್ಷೆ ಆಗಲಿಲ್ಲ ಅಂತ ಜನ ಸಿಟ್ಟಾಗುತ್ತಾರೆ. ಆ ಮಾದರಿಗಳಲ್ಲಿ ಸಮೀಕ್ಷೆಗೆ ಅಂತ ಎತ್ತಿದವೂ ಇರುತ್ತವೆ. ಪರಿಸ್ಥಿತಿ ಹೇಗಿದೆ ಅಂತ ತಿಳಿಯಲು ಎತ್ತಿದ್ದು ಅದು, ಅದರ ಮೇಲೆ ಕೇಸು ಹಾಕಲು ಬರೋದಿಲ್ಲ. ಕೆಟ್ಟದ್ದು ಬಂದರೆ ಅದೇ ಜಾಗಕ್ಕೆ ಮತ್ತೆ ಹೋಗಿ, ಮೇಲೆ ಹೇಳಿದ ಹಾಗೆ ಕಾನೂನು ಪ್ರಕಾರ ಇನ್ನೊಮ್ಮೆ ಎತ್ತಬೇಕು. ಅಷ್ಟರಲ್ಲಿ ಆ ಮಾಲು ಖಾಲಿಯಾಗಿರುತ್ತದೆ ಅನ್ನೋದು ನಿಜವಾದ ನೋವು.

ಇನ್ನು ನೀವು ಮಾಡಬಹುದಾದ್ದು. ಕಾಯ್ದೆಯ 40ನೇ ಕಲಂ ಬಗ್ಗೆ ಬಹಳ ಜನಕ್ಕೆ ಗೊತ್ತೇ ಇಲ್ಲ. ಕೊಂಡವರು ಯಾರೇ ಆದರೂ, ನಿಗದಿ ಮಾಡಿದ ಶುಲ್ಕ ಕಟ್ಟಿ, ತಾವು ಕೊಂಡ ಆಹಾರವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಷರತ್ತು ಒಂದೇ: ಇದನ್ನು ಪರೀಕ್ಷೆಗೆ ಕಳಿಸುತ್ತೇನೆ ಅಂತ ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಬೇಕು. ವರದಿಯಲ್ಲಿ ತಪ್ಪು ಕಂಡುಬಂದರೆ ನಿಮ್ಮ ಶುಲ್ಕ ವಾಪಸ್ ಬರುತ್ತದೆ, ವಿಶ್ಲೇಷಕರು ಅದನ್ನು ಅಂಕಿತ ಅಧಿಕಾರಿಗೂ ಕಳಿಸಬೇಕು, ಮುಂದಿನ ಕ್ರಮ ಅವರದು. ಅಂಗಡಿಯವರ ಮುಖ ನೋಡಿ ಹಾಗೆ ಹೇಳೋದು ಮುಜುಗರ ಅನಿಸಬಹುದು, ಒಂದೇ ಊರಿನವರು ಅಲ್ವಾ. ಮೆತ್ತಗೆ ಹೇಳಿ. ಒಳ್ಳೆಯ ವ್ಯಾಪಾರಿ ಬೇಸರ ಮಾಡಿಕೊಳ್ಳೋದಿಲ್ಲ, ತನಗೆ ಮಾಲು ಕೊಟ್ಟವರನ್ನು ಕೇಳುತ್ತಾನೆ, ಅದರ ಬಿಲ್ಲು ಅವನ ಹತ್ತಿರ ಇರಲೇಬೇಕು. ಶುಲ್ಕ ಕಟ್ಟುವುದು ಬೇಡ ಅನಿಸಿದರೆ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ಹಾಕಿ, ಇಲ್ಲವೇ ಕಲಬುರಗಿಯಲ್ಲಿ ಅಂಕಿತ ಅಧಿಕಾರಿಗಳಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಶಾಲೆಯ ಬೇಳೆ ವಿಷಯಕ್ಕೆ ದಾರಿ ಬೇರೆ. ಅಕ್ಷರ ದಾಸೋಹದ ಬೇಳೆ ಚೀಲ ಬಂದ ದಿನವೇ ಮುಖ್ಯ ಶಿಕ್ಷಕರ ಎದುರು ಬಿಚ್ಚಿಸಿ, ತಟ್ಟೆಯಲ್ಲಿ ಹರಡಿ ನೋಡಿ. ಚೀಲದ ಮೇಲಿನ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಾದ ದಿನಾಂಕದ ಫೋಟೋ ತೆಗೆದಿಡಿ. ಬೂಷ್ಟು ವಾಸನೆ, ಹುಳ, ಬಣ್ಣದ ಅನುಮಾನ ಯಾವುದಿದ್ದರೂ ಅಡುಗೆಗೆ ಕೊಡಬೇಡಿ, ತಾಲೂಕಿನ ಅಕ್ಷರ ದಾಸೋಹ ಅಧಿಕಾರಿಗೆ ಅವತ್ತೇ ಬರೆದು ತಿಳಿಸಿ. ಅಡುಗೆ ಕೋಣೆಯಲ್ಲಿ ಚೀಲ ನೆಲಕ್ಕೆ ತಾಗದ ಹಾಗೆ, ಗೋಡೆಗೆ ಒರಗದ ಹಾಗೆ ಮಣೆ ಮೇಲೆ ಇಡಿಸಿ. ಮಳೆಗಾಲದಲ್ಲಿ ನಮ್ಮ ಎರೆ ನೆಲದ ಊರುಗಳಲ್ಲಿ ಗೋಡೆಯಿಂದಲೇ ತೇವ ಏರುತ್ತದೆ.

ಮನೆಯಲ್ಲಿ ಈಗ ಬಿಚ್ಚಿರುವ ಪ್ಯಾಕೆಟ್ ಇದೆಯಲ್ಲ, ಅದನ್ನು ಎಸೆಯಬೇಡಿ, ತಿನ್ನಲೂ ಬೇಡಿ. ಕವರ್ ಸಮೇತ ಒಣಗಿದ ಡಬ್ಬಿಯಲ್ಲಿಡಿ, ಬಿಲ್ಲು ಇದ್ದರೆ ಜೊತೆಗೇ ಇಡಿ. ಆದರೆ ಬಿಚ್ಚಿದ ಪ್ಯಾಕೆಟ್ಟಿನ ವರದಿ ಕಾನೂನಿನ ಎದುರು ನಿಲ್ಲುವುದು ಕಷ್ಟ, ಮನೆಯಲ್ಲಿ ನೀವೇ ಏನೋ ಬೆರೆಸಿದ್ದೀರಿ ಅಂದರೆ ಉತ್ತರ ಇಲ್ಲ. ಅದೇ ಅಂಗಡಿಯಲ್ಲಿ ಅದೇ ಬ್ಯಾಚಿನ ಸೀಲ್ ಒಡೆಯದ ಪ್ಯಾಕೆಟ್ ಇನ್ನೂ ಇದೆಯಾ ನೋಡಿ. ಇದ್ದರೆ, ಪರೀಕ್ಷೆಗೆ ಅಂತ ಹೇಳಿ, ಬಿಲ್ಲು ಹಾಕಿಸಿ ಕೊಳ್ಳಿ. ವಿಭಾಗೀಯ ಪ್ರಯೋಗಾಲಯಕ್ಕೆ ಹೋಗುವ ಮುಂಚೆ ಅಂಕಿತ ಅಧಿಕಾರಿಗಳ ಕಚೇರಿಯಲ್ಲಿ ಈಗಿನ ಶುಲ್ಕ ಎಷ್ಟು, ಎಷ್ಟು ಬೇಳೆ ಬೇಕು ಅಂತ ಕೇಳಿಕೊಂಡೇ ಹೋಗಿ. ವರದಿ ಬಂದ ಮೇಲೆ ಅದರ ಪ್ರತಿ ಕಳಿಸಿದರೆ, ಅದರಲ್ಲಿ ಯಾವ ಸಾಲು ಏನು ಹೇಳುತ್ತದೆ ಅಂತ ಬಿಡಿಸಿ ಹೇಳುತ್ತೇನೆ.